ಕಂಪ್ಯೂಟರ್ ಎಸೆಯುವ ಮೊದಲು ಅದರ ಜ್ವರ ನೋಡಿ

ಕಂಪ್ಯೂಟರ್‌ಗೆ ಏನಾದರೂ ಆದಾಗ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಅಪ್ಪ ಅಮ್ಮನದು ಒಂದು ಪಕ್ಷ. "ಇಂಟರ್‌ನೆಟ್‌ನಿಂದ ಏನನ್ನೂ ಇಳಿಸಿ ಹಾಕಬೇಡ, ವೈರಸ್ ಬರುತ್ತೆ" ಅನ್ನುವುದು ಅವರ ನಿಲುವು. ಇನ್ನೊಂದು ಪಕ್ಷ ನನ್ನದು. (ತಂಗಿ ದಿನಕ್ಕೊಂದು ಪಕ್ಷ.) ಕಳೆದ ವರ್ಷದವರೆಗೆ ನನ್ನ ನಿಲುವು ಇಷ್ಟೇ ಆಗಿತ್ತು: ಬಿಟ್ಟಿ ಸಿಗುವ ಸಾಫ್ಟ್‌ವೇರ್ ಎಲ್ಲವನ್ನೂ ಹಾಕೋಣ, ಪರದೆ ತುಂಬ ಅಂಕಿಗಳು ಓಡುತ್ತಿದ್ದರೆ ನಮಗೆ ಎಲ್ಲ ಗೊತ್ತಿದೆ ಅಂತ ಅರ್ಥ. ಈಗ ನನಗೆ ಎರಡೂ ಪಕ್ಷಗಳು ತಪ್ಪು ಅನಿಸುತ್ತದೆ. ಕಂಪ್ಯೂಟರ್‌ನ ಒಳಗೆ ಏನಿದೆ, ಅದು ಹೇಗಿದೆ ಎಂದು ಹೇಳುವ ಉಪಕರಣಗಳು ಪ್ರತಿ ಮನೆಗೂ ಬೇಕು. ಆದರೆ ಮೊದಲು ಪ್ರಶ್ನೆ ಇರಬೇಕು, ಆಮೇಲೆ ಆ ಪ್ರಶ್ನೆಗೆ ಬೇಕಾದ ಒಂದೇ ಉಪಕರಣ ಹುಡುಕಬೇಕು, ಉತ್ತರ ಸಿಕ್ಕ ಮೇಲೆ ಅದನ್ನು ಮುಚ್ಚಬೇಕು.

ಇದನ್ನು ಈಗ ಬರೆಯಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಆಮೇಲೆ ನಮಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ "ಹಳೇ ಡೆಸ್ಕ್‌ಟಾಪ್ ಎಸೆದು ಹೊಸದು ತಗೊಳ್ಳೋಣ" ಎಂಬ ಮಾತು ಶುರುವಾಯಿತು. ಇಲ್ಲಿ ವಿಕ್ಟೋರಿಯಾದಲ್ಲಿ ಅದನ್ನು ಸುಮ್ಮನೆ ಕಸದ ಬಿನ್ನಿಗೆ ಹಾಕುವಂತೆಯೂ ಇಲ್ಲ. 2019ರ ಜುಲೈ 1ರಿಂದ ಇಲೆಕ್ಟ್ರಾನಿಕ್ ಕಸ ಭೂಮಿಗೆ ಹೋಗಬಾರದು ಎಂದು ನಿಯಮವಿದೆ. ಎಸೆಯಲೂ ಓಡಾಡಬೇಕು, ಕೊಳ್ಳಲೂ ಸಾವಿರಾರು ಡಾಲರ್ ಬೇಕು. ಅದಕ್ಕೂ ಮೊದಲು ಹದಿನೈದು ನಿಮಿಷ ಕೂತು ಅದನ್ನೇ ಒಂದು ಮಾತು ಕೇಳಬಾರದೇ?

ನಮ್ಮ ಮನೆಯ ಕಥೆ ಹೇಳುತ್ತೇನೆ. ನಮ್ಮದು ಇಂಟೆಲ್ ಐ5-8400 ಪ್ರೊಸೆಸರ್ ಇರುವ ಡೆಸ್ಕ್‌ಟಾಪ್. ಹೋದ ಬೇಸಿಗೆ ರಜೆಯಲ್ಲಿ ಅದು ವಿಪರೀತ ನಿಧಾನವಾಯಿತು. ತಂಗಿಯ ಝೂಮ್ ಪಾಠದ ನಡುವೆ ಚಿತ್ರ ನಿಂತುಬಿಡುತ್ತಿತ್ತು, ಫ್ಯಾನ್ ಮಿಕ್ಸಿಯಂತೆ ಕೂಗುತ್ತಿತ್ತು. ರಿಪೇರಿ ಅಂಗಡಿಗೆ ಒಯ್ದೆವು. ಅಲ್ಲಿದ್ದವರು ಡಬ್ಬ ತೆರೆಯದೆಯೇ, "ಮದರ್‌ಬೋರ್ಡ್ ಹೋಗಿರಬೇಕು, ಇದಕ್ಕೆ ದುಡ್ಡು ಹಾಕುವ ಬದಲು ಹೊಸದು ತಗೊಳ್ಳಿ" ಅಂದರು. ಅಪ್ಪ ಆ ಸಂಜೆಯೇ ಹೊಸದರ ಬೆಲೆ ನೋಡಲು ಕೂತರು. ನಾನು ಒಂದು ವಾರ ಸಮಯ ಕೇಳಿದೆ. ಆ ವಾರದಲ್ಲಿ ಮಾಡಿದ ತಪ್ಪುಗಳಿಂದ ಕಲಿತದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲ ತಪ್ಪು ಏನೆಂದರೆ, ಈಗಾಗಲೇ ಕಂಪ್ಯೂಟರ್‌ನಲ್ಲಿರುವುದನ್ನು ನೋಡದೆ ಹೊರಗಿನದನ್ನು ಹುಡುಕಲು ಹೋದದ್ದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್‌ನ ಹೆಸರು, ಅದು ಈಗ ಓಡುತ್ತಿರುವ ವೇಗ, ಮೆಮೊರಿ ಎಷ್ಟಿದೆ, ಎಷ್ಟು ಸ್ಲಾಟ್ ತುಂಬಿದೆ, ಡಿಸ್ಕ್ ಎಷ್ಟು ದುಡಿಯುತ್ತಿದೆ, ಎಲ್ಲವೂ ಇದೆ. ಕಂಪ್ಯೂಟರ್ ನಿಧಾನ ಎಂಬ ದೂರುಗಳಲ್ಲಿ ಅರ್ಧಕ್ಕೆ ಇಲ್ಲೇ ಉತ್ತರ ಸಿಗಬಹುದು: ಮೆಮೊರಿ ಪೂರ್ತಿ ತುಂಬಿರುತ್ತದೆ, ಅಥವಾ ಡಿಸ್ಕ್ ಸದಾ 100 ಪ್ರತಿಶತದಲ್ಲಿರುತ್ತದೆ. ನಮ್ಮದರಲ್ಲಿ ಎರಡೂ ಇರಲಿಲ್ಲ. ವಿಚಿತ್ರವಾಗಿ ಕಂಡದ್ದು ಒಂದೇ: 2.8 ಗಿಗಾಹರ್ಟ್ಸ್‌ಗಿಂತ ಮೇಲೆ ಓಡಬೇಕಾದ ಪ್ರೊಸೆಸರ್, ಕೆಲಸ ಹೆಚ್ಚಾದಾಗ ಒಂದೂವರೆಗೂ ಕೆಳಗೆ ಇಳಿಯುತ್ತಿತ್ತು. ಯಾಕೆಂದು ಟಾಸ್ಕ್ ಮ್ಯಾನೇಜರ್ ಹೇಳುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಬೇರೆ ಇದ್ದರೆ ಅದರ ಉಷ್ಣತೆ ತೋರಿಸುತ್ತದೆ, ಪ್ರೊಸೆಸರ್‌ನದ್ದನ್ನು ತೋರಿಸುವುದಿಲ್ಲ. ಹೊರಗಿನ ಉಪಕರಣ ನಿಜವಾಗಿ ಬೇಕಾಗುವುದು ಇಲ್ಲಿ.

ಆಗ ನಾನು ಒಂದೇ ಮಧ್ಯಾಹ್ನ ಆರು ಸಾಫ್ಟ್‌ವೇರ್ ಇಳಿಸಿದೆ. ಎಲ್ಲವನ್ನೂ ಒಟ್ಟಿಗೆ ತೆರೆದಿಟ್ಟೆ. ಒಂದು 84 ಡಿಗ್ರಿ ಅನ್ನುತ್ತಿತ್ತು, ಇನ್ನೊಂದು 97, ಮತ್ತೊಂದು ಕೆಂಪು ಅಕ್ಷರದಲ್ಲಿ 127. ನೂರಿಪ್ಪತ್ತೇಳು! ನಾನು ಓಡಿಹೋಗಿ ಪ್ಲಗ್ ಕಿತ್ತೆ. ಆಮೇಲೆ ಗೊತ್ತಾಯಿತು, ಆ 127 ಏನೂ ಅಲ್ಲ. ಮದರ್‌ಬೋರ್ಡ್‌ನ ಸಂವೇದಕ ಚಿಪ್‌ನಲ್ಲಿ ಹಲವು ಕಾಲುಗಳಿರುತ್ತವೆ, ತಯಾರಕರು ಎಲ್ಲಕ್ಕೂ ಸಂವೇದಕ ಜೋಡಿಸಿರುವುದಿಲ್ಲ. ಏನೂ ಜೋಡಿಸದ ಕಾಲನ್ನು ಓದಿದರೆ 127 ಅಂತಲೋ, ಸೊನ್ನೆಗಿಂತ ಕಡಿಮೆಯೋ, ಅರ್ಥವಿಲ್ಲದ ಅಂಕಿ ಬರುತ್ತದೆ. ಇನ್ನೊಂದು ವಿಷಯ, ಇಂಥ ಹಲವು ಉಪಕರಣಗಳನ್ನು ಒಟ್ಟಿಗೆ ಓಡಿಸಬಾರದು. ಒಂದೇ ಚಿಪ್‌ಗೆ ಎರಡು ಮೂರು ಮಂದಿ ಏಕಕಾಲಕ್ಕೆ ಪ್ರಶ್ನೆ ಕೇಳಿದರೆ ಉತ್ತರಗಳು ಕಲಸಿಹೋಗಬಹುದು. ಕ್ಲಾಸಿನಲ್ಲಿ ನಾವೂ ಹಾಗೆಯೇ ತಾನೇ.

ಹಾಗಾದರೆ ಯಾವುದನ್ನು ಆರಿಸಬೇಕು? ನನ್ನ ಲೆಕ್ಕದಲ್ಲಿ ಮನೆಯ ಡೆಸ್ಕ್‌ಟಾಪ್‌ಗೆ ಇರುವುದು ಮೂರೇ ಪ್ರಶ್ನೆ. ಒಳಗೆ ಏನಿದೆ? ಬಿಸಿ ಎಷ್ಟಿದೆ? ಡಿಸ್ಕ್ ಇನ್ನೂ ಗಟ್ಟಿಯಾಗಿದೆಯೇ?

ಒಳಗೆ ಏನಿದೆ ಎಂಬುದಕ್ಕೆ ಸಿಪಿಯು-ಝಡ್ ಸಾಕು. ಚಿಕ್ಕದು, ಹಳೆಯದು, ಕೇಳಿದ್ದಕ್ಕೆ ಮಾತ್ರ ಉತ್ತರ. ಮದರ್‌ಬೋರ್ಡ್‌ನ ಮಾದರಿ, ಬಯಾಸ್‌ನ ಆವೃತ್ತಿ, ಯಾವ ಸ್ಲಾಟ್‌ನಲ್ಲಿ ಯಾವ ಮೆಮೊರಿ ಇದೆ ಎಂದು ಡಬ್ಬ ತೆರೆಯದೆ ತಿಳಿಯುತ್ತದೆ. ಮೆಮೊರಿ ಹೆಚ್ಚಿಸಬೇಕು ಅಂದಾಗ ಇದು ತುಂಬಾ ಉಪಯೋಗ. (ಅಪ್ಪ ಇಡೀ ಡಬ್ಬಕ್ಕೆ 'ಸಿಪಿಯು' ಅನ್ನುತ್ತಾರೆ. ನಿಮ್ಮ ಮನೆಯಲ್ಲೂ ಹಾಗೇ ಇರಬಹುದು. ನಿಜವಾದ ಸಿಪಿಯು ಒಳಗಿರುವ, ಸುಮಾರು ಎರಡು ಬೆರಳಗಲದ ಚೌಕ. ತಿದ್ದಿ ತಿದ್ದಿ ನಾನು ಸೋತಿದ್ದೇನೆ.) ಒಂದು ಎಚ್ಚರಿಕೆ: ನನ್ನ ಗೆಳೆಯನೊಬ್ಬ 3200ರ ಮೆಮೊರಿ ಕೊಂಡು, ಇದರಲ್ಲಿ 1600 ಎಂದು ನೋಡಿ, ಮೋಸಹೋದೆ ಅಂತ ಅಂಗಡಿಗೆ ಜಗಳಕ್ಕೆ ಹೊರಟಿದ್ದ. ಡಿಡಿಆರ್ ಮೆಮೊರಿ ಒಂದು ಮಿಡಿತಕ್ಕೆ ಎರಡು ಸಲ ಮಾಹಿತಿ ಸಾಗಿಸುತ್ತದೆ, ಸಿಪಿಯು-ಝಡ್ ತೋರಿಸುವುದು ಮಿಡಿತವನ್ನು. ಅದನ್ನು ಎರಡರಿಂದ ಗುಣಿಸಿಕೊಳ್ಳಬೇಕು. ಟಾಸ್ಕ್ ಮ್ಯಾನೇಜರ್ ಗುಣಿಸಿಯೇ ತೋರಿಸುತ್ತದೆ. ಎರಡೂ ಸರಿ, ಲೆಕ್ಕದ ರೀತಿ ಬೇರೆ ಅಷ್ಟೆ. ಗುಣಿಸಿದ ಮೇಲೂ 2133 ಅಂತ ಬಂದರೆ ಮಾತ್ರ ಯೋಚಿಸಬೇಕು. ಆಗ ಬಹುಶಃ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಯಾರೂ ಆನ್ ಮಾಡಿರುವುದಿಲ್ಲ.

ಬಿಸಿ ಎಷ್ಟು ಎಂಬುದು ದೊಡ್ಡ ಪ್ರಶ್ನೆ. ಇದಕ್ಕೆ ನನ್ನ ಆಯ್ಕೆ ಎಚ್‌ಡಬ್ಲ್ಯೂ ಇನ್ಫೋ. ತೆರೆಯುವಾಗ 'ಸೆನ್ಸರ್ಸ್ ಓನ್ಲಿ' ಎಂಬ ಚೌಕಕ್ಕೆ ಗುರುತು ಹಾಕಿದರೆ ಅಳತೆಗಳ ಪಟ್ಟಿ ಮಾತ್ರ ಬರುತ್ತದೆ. ಪಟ್ಟಿ ಉದ್ದ, ನೋಡಿದ ಕೂಡಲೇ ಹೆದರಿಕೆಯಾಗುತ್ತದೆ, ಒಪ್ಪುತ್ತೇನೆ. ನೀವು ನೋಡಬೇಕಾದದ್ದು ಎರಡೇ ಸಾಲು. ಒಂದು ಪ್ರೊಸೆಸರ್‌ನ ಉಷ್ಣತೆ, ಅದೂ 'ಮ್ಯಾಕ್ಸಿಮಮ್' ಎಂಬ ಕಾಲಂನಲ್ಲಿ. ಇನ್ನೊಂದು, ಇಂಟೆಲ್ ಆದರೆ, 'ಥರ್ಮಲ್ ಥ್ರಾಟ್ಲಿಂಗ್' ಎಂಬ ಸಾಲು. ಅಲ್ಲಿ 'ಯೆಸ್' ಎಂದಿದ್ದರೆ ಪ್ರೊಸೆಸರ್ ಬಿಸಿ ತಡೆಯಲಾರದೆ ತನ್ನ ವೇಗವನ್ನು ತಾನೇ ಇಳಿಸಿಕೊಂಡಿದೆ ಎಂದರ್ಥ. ನಾನು ಇದನ್ನೇ ಮೆಚ್ಚುವುದು ಈ ಸಾಲಿನಿಂದಾಗಿ, ಬರೀ ಅಂಕಿ ಕೊಟ್ಟು ನಮ್ಮನ್ನು ಊಹೆಗೆ ಬಿಡುವುದಿಲ್ಲ. ಸರಳವಾದದ್ದು ಬೇಕೆನ್ನುವವರಿಗೆ ಎಚ್‌ಡಬ್ಲ್ಯೂ ಮಾನಿಟರ್ ಇದೆ, ಎಲ್ಲರೂ ಓದಬಹುದಾದ ತೆರೆದ ಕೋಡ್ ಬೇಕೆನ್ನುವವರಿಗೆ ಲಿಬ್ರೆ ಹಾರ್ಡ್‌ವೇರ್ ಮಾನಿಟರ್ ಇದೆ. ಯಾವುದಾದರೂ ಒಂದು ಸಾಕು.

ಅಂಕಿಯನ್ನು ಓದುವುದರಲ್ಲಿ ನಾವು ಹೆಚ್ಚು ಎಡವುತ್ತೇವೆ. 95 ಡಿಗ್ರಿ ಜಾಸ್ತಿಯೇ? ಅದು ಯಾವ ಪ್ರೊಸೆಸರ್ ಎನ್ನುವುದರ ಮೇಲಿದೆ. ಎಎಂಡಿಯ ರೈಝನ್ 7000 ಸರಣಿಯವು ಭಾರಿ ಕೆಲಸದಲ್ಲಿ 95ರವರೆಗೆ ಹೋಗುವಂತೆಯೇ ಮಾಡಿದವು. ನಮ್ಮ ಐ5ರ ಮಿತಿ 100, ಆದರೆ ಬರೀ ಝೂಮ್ ಓಡಿಸುವಾಗ ಅದು ಅಲ್ಲಿಗೆ ಹೋಗುವ ಕಾರಣವೇ ಇಲ್ಲ. 2017ರಲ್ಲಿ ಬಂದ ರೈಝನ್ 1700ಎಕ್ಸ್, 1800ಎಕ್ಸ್‌ಗಳಲ್ಲಂತೂ ಸಂವೇದಕವೇ ನಿಜಕ್ಕಿಂತ 20 ಡಿಗ್ರಿ ಹೆಚ್ಚು ಹೇಳುತ್ತಿತ್ತು, ಫ್ಯಾನ್ ಎಲ್ಲ ಮಾದರಿಗಳಲ್ಲೂ ಒಂದೇ ರೀತಿ ತಿರುಗಲಿ ಎಂದು ಬೇಕೆಂದೇ ಹಾಗೆ ಇಟ್ಟದ್ದು. ಆ 20ನ್ನು ಕಳೆಯದ ಉಪಕರಣ ನೋಡಿದವರು ಸುಮ್ಮನೆ ಗಾಬರಿಯಾದರು. ಋತುವನ್ನೂ ಮರೆಯಬೇಡಿ. ಗಾಳಿಯಿಂದ ತಂಪಾಗುವ ಪ್ರೊಸೆಸರ್ ಕೋಣೆಯ ಗಾಳಿಗಿಂತ ತಣ್ಣಗಾಗಲು ಸಾಧ್ಯವಿಲ್ಲ. ಮೆಲ್ಬರ್ನ್‌ನಲ್ಲಿ ಹೊರಗೆ 40 ಡಿಗ್ರಿ ಇರುವ ಜನವರಿಯ ಮಧ್ಯಾಹ್ನಕ್ಕೂ ಹೀಟರ್ ಹಚ್ಚಿಕೊಂಡು ಕೂರುವ ಜುಲೈಗೂ ಹತ್ತು ಹನ್ನೆರಡು ಡಿಗ್ರಿ ವ್ಯತ್ಯಾಸ ಸಹಜ. ಜುಲೈನಲ್ಲಿ ನೋಡಿ "ಎಲ್ಲ ಸರಿ ಇದೆ" ಅಂದುಕೊಂಡರೆ ಜನವರಿಯಲ್ಲಿ ಪಾಠ ನಿಲ್ಲುತ್ತದೆ.

ನಮ್ಮದರಲ್ಲಿ ಝೂಮ್ ತೆರೆದ ಎರಡೇ ನಿಮಿಷಕ್ಕೆ 100 ಡಿಗ್ರಿ, ಥ್ರಾಟ್ಲಿಂಗ್ ಸಾಲಿನಲ್ಲಿ 'ಯೆಸ್'. ಮದರ್‌ಬೋರ್ಡ್ ಅಲ್ಲ, ಬಿಸಿ. ವಿದ್ಯುತ್ ತೆಗೆದು, ಅಪ್ಪ ಟಾರ್ಚ್ ಹಿಡಿದರು, ನಾನು ಬದಿಯ ತಗಡು ಬಿಚ್ಚಿದೆ. ಡಬ್ಬವನ್ನು ವರ್ಷಗಟ್ಟಲೆ ಕಾರ್ಪೆಟ್ ಮೇಲೇ ಇಟ್ಟಿದ್ದೆವು, ಪ್ರೊಸೆಸರ್‌ನ ಫ್ಯಾನ್ ಕೆಳಗೆ ಧೂಳು ಕಂಬಳಿಯಂತೆ ಕೂತಿತ್ತು. ಅದಕ್ಕಿಂತ ದೊಡ್ಡ ವಿಷಯ: ಇಂಟೆಲ್ ಜೊತೆಗೆ ಬರುವ ಕೂಲರನ್ನು ನಾಲ್ಕು ಪ್ಲಾಸ್ಟಿಕ್ ಪಿನ್‌ಗಳು ಹಿಡಿದಿರುತ್ತವೆ, ಅವುಗಳಲ್ಲಿ ಒಂದು ಎದ್ದುಬಂದಿತ್ತು. ಮನೆ ಬದಲಿಸಿದಾಗ ಕಾರಿನಲ್ಲಿ ಅಲುಗಾಡಿ ಹಾಗಾಗಿರಬೇಕು. ಧೂಳು ತೆಗೆದು, ಹೊಸ ಥರ್ಮಲ್ ಪೇಸ್ಟ್ ಹಚ್ಚಿ, ನಾಲ್ಕೂ ಪಿನ್ ಒತ್ತಿ ಕೂರಿಸಿದೆವು. ಖರ್ಚು ಪೇಸ್ಟ್ ಕೊಳವೆಯದ್ದು ಮಾತ್ರ. ಅದೇ ಝೂಮ್, ಅದೇ ಸೆಕೆ, 66 ಡಿಗ್ರಿ.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿದ್ದೆ. ಮೂರನೆಯ ಪ್ರಶ್ನೆಯನ್ನು ಕೇಳಿದ್ದು ಬರೀ ಕುತೂಹಲಕ್ಕೆ.

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಅದನ್ನು ಓದಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಜಪಾನಿನ ಸಾಫ್ಟ್‌ವೇರ್ ಬಳಸಿದೆ. (ಅದರ ಕೆಲವು ಆವೃತ್ತಿಗಳಲ್ಲಿ ಅನಿಮೆ ಹುಡುಗಿಯ ಚಿತ್ರವಿರುತ್ತದೆ. ಅಮ್ಮ ಹಿಂದೆ ನಿಂತಿದ್ದರೆ ಸ್ಟಾಂಡರ್ಡ್ ಆವೃತ್ತಿಯನ್ನೇ ಆರಿಸಿ.) ನೀಲಿ ಬಣ್ಣ ಬಂದರೆ ಚೆನ್ನಾಗಿದೆ, ಹಳದಿ ಎಚ್ಚರಿಕೆ, ಕೆಂಪು ಕೆಟ್ಟಿದೆ. ನಮ್ಮ ವಿಂಡೋಸ್ ಇರುವ ಎಸ್‌ಎಸ್‌ಡಿ ನೀಲಿ. ಹಳೆಯ ಫೋಟೋಗಳನ್ನೆಲ್ಲ ಇಟ್ಟಿದ್ದ ಹಾರ್ಡ್ ಡಿಸ್ಕ್ ಹಳದಿ.

ಆ ಡಿಸ್ಕ್‌ನಲ್ಲಿ ಏನಿತ್ತು ಅಂದರೆ, ನಮ್ಮ ಅಜ್ಜಿ ಶಿವಮೊಗ್ಗದಿಂದ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದ ಧ್ವನಿ ಸಂದೇಶಗಳು. ಅಮ್ಮ ಹಳೆಯ ಫೋನ್ ಬದಲಿಸುವಾಗ ಎಲ್ಲವನ್ನೂ ಅದಕ್ಕೆ ಹಾಕಿ, ಫೋನಿನಿಂದ ಅಳಿಸಿದ್ದರು. ಪತ್ರೊಡೆ ಮಾಡುವುದು ಹೇಗೆ ಎಂದು ಹನ್ನೊಂದು ನಿಮಿಷ ವಿವರಿಸಿದ್ದು, ನನ್ನ ಹುಟ್ಟುಹಬ್ಬಕ್ಕೆ ಹಾಡಿದ್ದು, ಕರೆಂಟು ಹೋದಾಗ ಸುಮ್ಮನೆ ಬೇಜಾರಿಗೆ ಮಾತಾಡಿದ್ದು. ಅಜ್ಜಿ ಹೋಗಿ ಎರಡು ವರ್ಷವಾಯಿತು. ಬೇರೆ ಪ್ರತಿ ಇರಲಿಲ್ಲ. ಅಂಗಡಿಯವರ ಮಾತು ಕೇಳಿ ಆ ಡಬ್ಬವನ್ನು ಬಿಸಾಡಿದ್ದರೆ ಡಿಸ್ಕ್ ಕೂಡ ಹೋಗುತ್ತಿತ್ತು. ಬಿಸಾಡದೆ, ನೋಡದೆ ಇದ್ದಿದ್ದರೂ ಬಹುಶಃ ಹೋಗುತ್ತಿತ್ತು.

ಹಳದಿಗೆ ಕಾರಣ ಎರಡು ಸಾಲು, 05 ಮತ್ತು ಸಿ5. ಕೆಟ್ಟುಹೋದ ಜಾಗಗಳಿಗೆ ಬದಲಾಗಿ ಡಿಸ್ಕ್ ಎಷ್ಟು ಹೊಸ ಜಾಗ ಕೊಟ್ಟಿದೆ ಎನ್ನುವುದು 05, ಇನ್ನೂ ತೀರ್ಮಾನವಾಗದೆ ಕಾಯುತ್ತಿರುವ ಜಾಗಗಳು ಸಿ5. ಅಂಕಿ ಹದಿನಾರರ ಲೆಕ್ಕದಲ್ಲಿರುತ್ತದೆ, ಅಲ್ಲಿ 10 ಎಂದು ಕಂಡರೆ ನಮ್ಮ ಲೆಕ್ಕದ 16. (ಬೇಕಾದರೆ ಸೆಟ್ಟಿಂಗ್‌ನಲ್ಲಿ ಬದಲಿಸಬಹುದು.) ಆ ರಾತ್ರಿಯೇ ಎಲ್ಲವನ್ನೂ ಬೇರೆ ಡ್ರೈವ್‌ಗೆ ಪ್ರತಿ ಮಾಡಿದೆವು. ಹೆಚ್ಚಿನವು ಬಂದವು. ಏಳು ಫೈಲ್‌ಗಳು ಬರಲಿಲ್ಲ.

ಈಗ ನಾನು ಇನ್ನೊಂದನ್ನೂ ಹೇಳಲೇಬೇಕು, ಇಲ್ಲದಿದ್ದರೆ ಮೋಸವಾಗುತ್ತದೆ. ನೀಲಿ ಬಣ್ಣ ಭರವಸೆಯಲ್ಲ. ಗೂಗಲ್‌ನವರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಇಂಥ ದೋಷ ಒಮ್ಮೆ ಕಾಣಿಸಿಕೊಂಡ ಡಿಸ್ಕ್ ಬೇಗ ಕೆಡುವ ಸಾಧ್ಯತೆ ಬಹಳ ಹೆಚ್ಚು ಎಂದು ಅದರಲ್ಲಿದೆ. ಆದರೆ ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅವರು ಮುಖ್ಯವೆಂದು ಗುರುತಿಸಿದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರಿಸದೆ ಕೆಟ್ಟಿದ್ದವು ಎಂದೂ ಅದರಲ್ಲಿದೆ. ಹಳದಿ ಬಂದರೆ ಇವತ್ತೇ ಪ್ರತಿ ಮಾಡಿ. ನೀಲಿ ಬಂದರೂ ಈ ವಾರ ಪ್ರತಿ ಮಾಡಿ.

ಇನ್ನು ಅಪ್ಪ ಅಮ್ಮನ ಪಕ್ಷದ ಕಡೆಗೆ. ಅವರ ಭಯವನ್ನು ನಾನು ಮೊದಲು ನಗುತ್ತಿದ್ದೆ. ಈಗ ನಗುವುದಿಲ್ಲ. ಉಷ್ಣತೆ ಓದಬೇಕಾದರೆ ಸಾಫ್ಟ್‌ವೇರ್‌ಗೆ ಕಂಪ್ಯೂಟರ್‌ನ ತೀರಾ ಒಳಗಿನ ಪದರಕ್ಕೆ ಹೋಗುವ ಒಂದು ಡ್ರೈವರ್ ಬೇಕು. "ಅನುಮತಿ ಕೊಡುತ್ತೀರಾ?" ಎಂದು ವಿಂಡೋಸ್ ಕೇಳಿದಾಗ ನಾವು ಯೆಸ್ ಒತ್ತುತ್ತೇವಲ್ಲ, ಅದು ಮನೆಯ ಬೀಗದ ಕೈ ಕೊಟ್ಟ ಹಾಗೆ. ವಿನ್‌ರಿಂಗ್0 ಎಂಬ ಡ್ರೈವರನ್ನು ಬಹಳಷ್ಟು ಉಚಿತ ಉಪಕರಣಗಳು ಬಳಸುತ್ತಿದ್ದವು. ಅದರಲ್ಲಿ ಭದ್ರತೆಯ ಲೋಪ ಇದೆ ಎಂದು 2020ರಲ್ಲೇ ದಾಖಲಾಗಿತ್ತು. 2025ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಅದನ್ನು ಹಿಡಿಯಲು ಶುರುಮಾಡಿದಾಗ ಒಳ್ಳೆಯ ಉದ್ದೇಶದ ಉಪಕರಣಗಳೂ ಸಿಕ್ಕಿಬಿದ್ದವು. ಇನ್ನು ನಕಲಿಗಳ ಕಾಟ ಬೇರೆ. 2021ರಲ್ಲಿ ಎಂಎಸ್‌ಐ ಕಂಪನಿ ತನ್ನ ಆಫ್ಟರ್‌ಬರ್ನರ್‌ನ ಹೆಸರಿನಲ್ಲಿ ನಕಲಿ ತಾಣವಿದೆ ಎಂದು ತಾನೇ ಎಚ್ಚರಿಸಿತು. 2023ರಲ್ಲಿ ಸಿಪಿಯು-ಝಡ್ ಹುಡುಕಿದವರಿಗೆ ಮೇಲ್ಗಡೆ ಬಂದ ಜಾಹೀರಾತು ಒತ್ತಿದರೆ ಪಾಸ್‌ವರ್ಡ್ ಕದಿಯುವ ಸಾಫ್ಟ್‌ವೇರ್ ಇಳಿಯುತ್ತಿತ್ತು.

ಆದ್ದರಿಂದ ಮಕ್ಕಳೇ, ಹುಡುಕಾಟದಲ್ಲಿ ಮೊದಲು ಬರುವ ಜಾಹೀರಾತನ್ನು ಒತ್ತಬೇಡಿ, ತಯಾರಕರ ತಾಣಕ್ಕೇ ಹೋಗಿ. ಇಳಿಸಿದ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ ನೋಡಿ, ಸಹಿ ಯಾರದ್ದೆಂದು ಓದಿ. ಪೋರ್ಟಬಲ್ ಆವೃತ್ತಿ ಇದ್ದರೆ ಅದನ್ನೇ ತೆಗೆದುಕೊಳ್ಳಿ, ಕೆಲಸ ಮುಗಿದ ಮೇಲೆ ಮುಚ್ಚಿ. ಆಟ ಆಡುವಾಗ ಮೂಲೆಯಲ್ಲಿ ಅಂಕಿ ಓಡುತ್ತಿರಲಿ ಎಂದು ಆಸೆಪಡುವವರಿಗೆ ಒಂದು ಮಾತು: ನನ್ನ ಒಬ್ಬ ಸ್ನೇಹಿತ ಈಗ ಆಟ ನೋಡುವುದೇ ಇಲ್ಲ, ಉಷ್ಣತೆ ನೋಡುತ್ತಾನೆ, ಸೋಲುತ್ತಾನೆ. ಮತ್ತೆ, "ನಿಮ್ಮ ಕಂಪ್ಯೂಟರ್‌ನಲ್ಲಿ 400 ದೋಷಗಳಿವೆ, ಸರಿಪಡಿಸಲು ಹಣ ಕೊಡಿ" ಎನ್ನುವ ಯಾವುದನ್ನೂ ಈ ಸಾಲಿಗೆ ಸೇರಿಸಬೇಡಿ. ಥರ್ಮಾಮೀಟರ್ ಜ್ವರ ಹೇಳುತ್ತದೆ, ಮಾತ್ರೆ ಮಾರುವುದಿಲ್ಲ.

ಹಿರಿಯರಿಗೆ ನನ್ನ ಕೋರಿಕೆ ಬೇರೆ. ದಯವಿಟ್ಟು "ಏನೂ ಹಾಕಬೇಡ" ಎಂದು ಪೂರ್ತಿ ಬಾಗಿಲು ಹಾಕಬೇಡಿ. ಆಗ ನಾವು ನೀವು ಮಲಗಿದ ಮೇಲೆ ಹಾಕುತ್ತೇವೆ, ಅದೂ ನಕಲಿ ತಾಣದಿಂದ. ಪಕ್ಕದಲ್ಲಿ ಕೂತು, "ಇದು ಯಾವ ಪ್ರಶ್ನೆಗೆ?" ಎಂದು ಕೇಳಿ. ನಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ ಬೇಡ ಅನ್ನಿ, ನಾವು ಒಪ್ಪುತ್ತೇವೆ. (ಗೊಣಗುತ್ತೇವೆ, ಆದರೆ ಒಪ್ಪುತ್ತೇವೆ.) ಮತ್ತು ಅಂಗಡಿಯವರು ಡಬ್ಬ ತೆರೆಯದೆ ಹೊಸದು ಕೊಳ್ಳಿ ಅಂದರೆ, "ಯಾವ ಅಳತೆ ನೋಡಿ ಹೇಳಿದಿರಿ?" ಎಂದು ಅವರನ್ನೂ ಕೇಳಿ.

ವಿಂಡೋಸ್ 11ಕ್ಕೆ ಯೋಗ್ಯವಲ್ಲ ಎಂಬ ಸಂದೇಶದ ಬಗ್ಗೆಯೂ ಹೀಗೆಯೇ. ಇಂಟೆಲ್‌ನ ಬಹುಮಟ್ಟಿಗೆ ಎಂಟನೇ ಪೀಳಿಗೆಯಿಂದ ಈಚಿನ ಪ್ರೊಸೆಸರ್‌ಗಳು ಪಟ್ಟಿಯಲ್ಲಿವೆ. ನಮ್ಮದೂ ಎಂಟನೆಯದು, ಆದರೂ ಯೋಗ್ಯವಲ್ಲ ಅಂದಿತು. ಟಿಪಿಎಂ ಎಂಬ ಭದ್ರತಾ ಭಾಗ ಬಯಾಸ್‌ನಲ್ಲಿ ಆಫ್ ಆಗಿತ್ತು, ಅಷ್ಟೇ. ಆನ್ ಮಾಡಿದೆವು, ಯೋಗ್ಯವಾಯಿತು.

ಈಗ ಡಬ್ಬ ಕಾರ್ಪೆಟ್ ಮೇಲಿಲ್ಲ. ಅಮ್ಮ ಊರಿನಿಂದ ತಂದಿದ್ದ, ಯಾರೂ ಕೂರದ ಮರದ ಮಣೆಯ ಮೇಲೆ ಕೂತಿದೆ. ಹೊಸ ಹಾರ್ಡ್ ಡಿಸ್ಕ್ ಬಂದಿದೆ. ಪತ್ರೊಡೆಯ ಹನ್ನೊಂದು ನಿಮಿಷ ಸಿಕ್ಕಿತು, ಹುಟ್ಟುಹಬ್ಬದ ಹಾಡು ಆ ಏಳರಲ್ಲಿ ಹೋಯಿತು. ನಿಮ್ಮ ಮನೆಯಲ್ಲೂ ಎಸೆಯಲು ಎತ್ತಿಟ್ಟ ಡೆಸ್ಕ್‌ಟಾಪ್ ಇದ್ದರೆ, ಮೇಲೆ ಹೇಳಿದ ಎರಡು ಸಾಲು ಮತ್ತು ಡಿಸ್ಕ್‌ನ ಬಣ್ಣ ಕಾಣುವಂತೆ ಪರದೆಯ ಚಿತ್ರ ತೆಗೆದು ಭಾನುವಾರ ಕನ್ನಡ ತರಗತಿಗೆ ತನ್ನಿ. ನಾನು ಹಿಂದಿನ ಸಾಲಿನಲ್ಲಿ ಕಿಟಕಿ ಪಕ್ಕ ಕೂತಿರುತ್ತೇನೆ. ವಿರಾಮದಲ್ಲಿ ಒಟ್ಟಿಗೆ ನೋಡೋಣ.